ದುರ್ಗಕ್ಕನ ಎಡಗೈ

ನಮ್ಮಕ್ಕ ದುರ್ಗಕ್ಕ ಚಿತ್ತವಾಡ್ಗಿಯ ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಾಳೆ. ನಡೆಯುವವರನ್ನು ಮುಂದೆ ಬಿಟ್ಟು, ಹಟ ಹಿಡಿದವರನ್ನು ಎಡ ಕಂಕುಳಲ್ಲಿ ಎತ್ತಿಕೊಳ್ಳುತ್ತಾಳೆ. ಆಮೇಲೆ ನೀರು, ಅಡುಗೆ, ಕಸ, ಮತ್ತೆ ಎತ್ತುವುದು, ಇಳಿಸುವುದು. ವಯಸ್ಸು ಐವತ್ತಾರು. ಗಂಡ ತೀರಿ ಹತ್ತು ವರ್ಷವಾಯಿತು, ಮಕ್ಕಳಿಲ್ಲ. ಮೊಹರಂ ಹರಕೆಯಿಂದ ಹುಟ್ಟಿದವನೆಂದು ಹುಸೇನ ಅಂತ ಹೆಸರಿಡಿಸಿಕೊಂಡ ತಮ್ಮ ನಾನು, ಪಾಪಿನಾಯಕನಹಳ್ಳಿಯಲ್ಲಿ ಆಟೊ ಓಡಿಸಿಕೊಂಡು ಇರುವವನು. ತಿಂಗಳಿಗೊಮ್ಮೆ ಅವಳ ಮನೆಗೆ ಹೋದರೆ ಹೆಚ್ಚು.

ಹೋದ ಮಳೆಗಾಲದಲ್ಲಿ ನರ್ಸಿಂಗ್ ಓದುವ ಪಲ್ಲವಿ ಎಂಬ ಹುಡುಗಿ ಬಂದಳು. ಅಂಗನವಾಡಿಯವರ ಮೈಗೆ ದಿನಕ್ಕೆಷ್ಟು ಕಸರತ್ತು ಆಗುತ್ತದೆ ಎಂದು ನೋಡಲು ಹೆಜ್ಜೆ ಎಣಿಸುವ ಗಡಿಯಾರವೊಂದನ್ನು ಅಕ್ಕನ ಎಡಗೈಗೆ ಕಟ್ಟಿದಳು. ವಾರವಾದ ಮೇಲೆ ಬಂದ ಕಾಗದದಲ್ಲಿ, ಈಕೆ ಕೂತೇ ಹೊತ್ತು ಕಳೆಯುತ್ತಾಳೆ, ಮೈಗೆ ಶ್ರಮ ಸಾಲದು ಎಂದಿತ್ತು. ಟೀಚರ್ ಗಾಯತ್ರಿಯವರು ಕೆಟ್ಟವರಲ್ಲ. ಆದರೂ ಕಾಗದ ನೋಡಿ, ನಿನಗೆ ಆಗುತ್ತಿಲ್ಲ ಅನಿಸುತ್ತದೆ, ಇನ್ನು ಮಕ್ಕಳನ್ನು ತಾಯಂದಿರೇ ಬಿಟ್ಟು ಹೋಗಲಿ, ನೀನು ಕೂತು ಅಕ್ಕಿ ಆರಿಸು ಎಂದರಂತೆ.

ಅಕ್ಕ ಇಷ್ಟು ಹೇಳಿ ಫೋನ್ ಇಟ್ಟಳು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಮರುದಿನವೇ ಹೋಗಿ ಅಂಗನವಾಡಿಯ ಬಾಗಿಲಲ್ಲಿ ಕೂಗಾಡಿದೆ. ಪಲ್ಲವಿಯೂ ಅಲ್ಲಿದ್ದಳು. ಮಕ್ಕಳು ಹೆದರಿ ಅತ್ತವು. ಅಕ್ಕ ಒಂದನ್ನು ಎತ್ತಿಕೊಂಡು ನನಗೇ ಬೈದಳು.

"ಬಾಯಿ ಮುಚ್ಚಲೇ. ಕೂಸುಗಳು ಬೆದರ್ಯಾವು."

ಆಗ ಕಣ್ಣಿಗೆ ಬಿತ್ತು. ಕೂಸನ್ನು ಹೊತ್ತು ಆ ಮೂಲೆಯಿಂದ ಈ ಮೂಲೆಗೆ ತಿರುಗುತ್ತಿದ್ದಾಳೆ, ಎಡಗೈ ಮಾತ್ರ ಕೂಸಿನ ಬೆನ್ನಿಗೆ ಅಂಟಿಕೊಂಡು ಅಲುಗುತ್ತಿಲ್ಲ.

"ಆ ಕೈ ಬೀಸಿದ್ದು ಯಾವಾಗವ್ವಾ, ನಿನ್ನ ಗಡಿಯಾರ ಎಣಸಾಕ?" ಎಂದು ಪಲ್ಲವಿಯನ್ನು ಕೇಳಿದೆ.

ಆ ಹುಡುಗಿ ತಲೆ ತಗ್ಗಿಸಿ ಗಡಿಯಾರವನ್ನು ಅಕ್ಕನ ಕಾಲಿಗೆ ಕಟ್ಟಿದಳು. ಮುಂದಿನ ವಾರದ ಲೆಕ್ಕದಲ್ಲಿ, ಕೆಲಸದ ದಿನಕ್ಕೆ ಹನ್ನೊಂದು ಸಾವಿರ ಹೆಜ್ಜೆ. ಮಕ್ಕಳನ್ನು ಕರೆತರುವ ಕೆಲಸ ಅಕ್ಕನಿಗೇ ಉಳಿಯಿತು.

ಗೆದ್ದ ಉಮೇದಿನಲ್ಲಿ ಅವಳ ಮನೆಗೆ ಹೋಗಿ, ಹರಿದು ಹಾಕೋಣವೆಂದು ಆ ಮೊದಲಿನ ಕಾಗದ ಇಸಿದುಕೊಂಡೆ. ಆರು ದಿನ ಎರಡೆರಡು ಸಾವಿರ ಹೆಜ್ಜೆ. ಭಾನುವಾರ ಮಾತ್ರ ಒಂಬತ್ತು ಸಾವಿರ. ರಜೆಯ ದಿನ ಆಕೆ ಎಲ್ಲಿಗೂ ಹೋಗುವವಳಲ್ಲ.

"ನೋಡಿಲ್ಲಿ, ಐತವಾರನೂ ಸುಳ್ಳು ಹೇಳೈತಿ," ಎಂದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಅದೊಂದು ಖರೇ ಐತಿ, ಹುಸೇನಾ. ಮನ್ಯಾಗ ಗ್ವಾಡಿಯಿಂದ ಗ್ವಾಡಿಗೆ ಅಡ್ಡಾಡತೀನಿ. ಕೈ ಖಾಲಿ ಇರತಾವ. ಕುಂತ್ರ ಹೊತ್ತು ಹೋಗಂಗಿಲ್ಲ."

ಅವಳದು ಒಂದೇ ಕೋಣೆ. ಮಂಚವನ್ನು ಮೂಲೆಗೆ ಒತ್ತಿ, ಗೋಡೆಯಿಂದ ಗೋಡೆಗೆ ನೆಲ ಖಾಲಿ ಬಿಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಕೂಗಾಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ಬರುವ ಭಾನುವಾರ ಬರುತ್ತೇನೆ ಎಂದೆ. ಅವತ್ತು ನಿನಗೆ ಬಾಡಿಗೆ ಇರುವ ದಿನ, ಬರಬೇಡ ಎಂದಳು.

ಆ ಭಾನುವಾರ ಹಂಪಿಗೆ ಎರಡು ಬಾಡಿಗೆ ಬಂದವು. ನಾನು ಹೋಗಲಿಲ್ಲ.