ಸೊಪ್ಪಿನ ಕೋಣೆಯ ಚಿಗಟ

ನಮ್ಮ ಮನೆಯ ರೇಷ್ಮೆ ಹುಳು ಆ ಸಲ ಗೂಡು ಕಟ್ಟದೆ ಹೋದದ್ದು ಮಂಜುಳೆಯ ಮುಟ್ಟಿನಿಂದಲ್ಲ. ನಾನು ಚಿಗಟಕ್ಕೆಂದು ಮನೆಯೊಳಗೆ ಹೊಡೆದ ಔಷಧಿಯಿಂದ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಇಷ್ಟು ಹೇಳುವುದಕ್ಕೆ ಎಷ್ಟೋ ವರ್ಷ ಹಿಡಿಯಿತು. ಬರೆದು ನೋಡಿದರೆ ನಾಲ್ಕೇ ಮಾತು. ಮಂಜುಳ ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಭೇರ್ಯದ ಹತ್ತಿರದ ಹಳ್ಳಿ ನಮ್ಮದು. ನಾಲೆಯ ನೀರು, ಹಿಪ್ಪುನೇರಳೆ ತೋಟ, ಅತ್ತೆ, ನಾವೆರಡು ಜೋಡಿ, ಮಕ್ಕಳು — ಎಲ್ಲರಿಗೂ ಇವತ್ತಿಗೂ ಒಂದೇ ಒಲೆ. ಪಾತ್ರೆ ಸದ್ದಾಗುವ ದಿನಗಳು ನಮ್ಮಲ್ಲೂ ಇವೆ, ಇಲ್ಲವೆನ್ನುವುದಿಲ್ಲ. ಆದರೂ ನಾನು ಈ ಮನೆಯಲ್ಲಿ ಸುಖವಾಗಿದ್ದೇನೆ. ಆ ಸುಖದಲ್ಲಿ ಮಂಜುಳೆಯಿಂದ ಕಿತ್ತುಕೊಂಡದ್ದು ಸ್ವಲ್ಪ ಸೇರಿದೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು.

ಚಿಗಟ ಬಂದದ್ದು ಕೆಂಚನ ಜೊತೆಯಲ್ಲಿ. ಕೆಂಚ ನನ್ನ ತವರಾದ ಅಂತರಸಂತೆಯ ನಾಯಿ, ಅಪ್ಪನ ಹಿಂದೆ ಮುಂದೆ ಸುತ್ತಿಕೊಂಡಿದ್ದವನು. ಅಪ್ಪ ಹೋದ ಮೇಲೆ ಅನ್ನ ಹಾಕುವವರಿಲ್ಲ ಅಂತಲ್ಲ, ಅಣ್ಣ ಅತ್ತಿಗೆ ಇದ್ದರು. ಆದರೆ ಅವನು ಅಪ್ಪನ ಚಪ್ಪಲಿಯ ಪಕ್ಕ ಮೂತಿ ಊರಿ ಮಲಗಿದ್ದನ್ನು ನೋಡಿ ನನಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಅಣ್ಣನ ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ಬಂದೇಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಅವನನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದರು.

"ತಂದಿದ್ದೀಯ, ಇರ್ಲಿ ಬುಡು. ಆದ್ರೆ ಇದು ಉಳ ಸಾಕೋ ಮನೆ ಕಣ್ ಭಾಗ್ಯ. ಉಣ್ಣೆ ಚಿಗಟ ಅಂತ ಏನಾರ ಕಂಡ್ರೆ ಬಂದ ದಾರೀಲೇ ವಾಪಸ್ ಕಳ್ಸ್‌ಬುಡ್ತೀನಿ."

ಹುಳು ಸಾಕದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹುಳುಮನೆ ಹಿತ್ತಲಲ್ಲಿ ಬೇರೆಯೇ ಇದೆ. ತೋಟದಿಂದ ಕೊಯ್ದು ತಂದ ಹಿಪ್ಪುನೇರಳೆ ಕಡ್ಡಿಯನ್ನು ಮೊದಲು ಮನೆಯ ಹಿಂಬದಿಯ ಕೋಣೆಯಲ್ಲಿ ನಿಲ್ಲಿಸಿ, ಬಾಡದಂತೆ ಒದ್ದೆ ಗೋಣಿತಾಟು ಹೊದಿಸುತ್ತೇವೆ. ಅದು ಸೊಪ್ಪಿನ ಕೋಣೆ. ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ತಂಪಾಗಿರುವ ಜಾಗ ಅದೊಂದೇ. ಕೆಂಚ ಬುದ್ಧಿವಂತ, ಬಂದ ವಾರದಲ್ಲೇ ಅಲ್ಲಿನ ಗೋಣಿತಾಟಿನ ಮೇಲೆ ತನ್ನ ಸಂಸಾರ ಹೂಡಿದ.

ಸ್ವಲ್ಪ ದಿನಕ್ಕೆ ಮಂಜುಳೆಯ ಕೂಸು ಸಿಂಧುವಿನ ಕಾಲ ಮೇಲೆಲ್ಲ ಕೆಂಪು ದದ್ದು ಎದ್ದಿತು. ಸೊಳ್ಳೆ ಕಚ್ಚಿರಬೇಕು ಎಂದರು ಅತ್ತೆ. ನಾನು ಬಿಳಿ ಪಂಚೆಯೊಂದನ್ನು ಸೊಪ್ಪಿನ ಕೋಣೆಯ ನೆಲಕ್ಕೆ ಹಾಸಿ ನೋಡಿದೆ. ಎಳ್ಳುಕಾಳಿನಷ್ಟಿದ್ದದ್ದು ಪಟ್ಟನೆ ಹಾರಿತು. ಪಂಚೆ ಮಡಿಸಿಕೊಂಡು ಹೊರಗೆ ಬಂದು, "ಊಂ ಕಣತ್ತೆ, ಸೊಳ್ಳೇನೇ," ಅಂದೆ. ಸುಳ್ಳು ಶುರುವಾದದ್ದು ಅಲ್ಲಿಂದ.

ಊರಿನ ಅಂಗಡಿಯಲ್ಲಿ ಔಷಧಿ ಕೇಳಿದರೆ ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟಿರುತ್ತಿತ್ತು. ಹಾಗಾಗಿ ಅಪ್ಪನ ತಿಂಗಳ ತಿಥಿ ಮುಗಿಸಿ ಅಂತರಸಂತೆಯಿಂದ ಬರುವಾಗ ಹುಣಸೂರಿನಲ್ಲಿ ಬಸ್ಸಿಳಿದು, ದನದ ಔಷಧಿ ಮಾರುವ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟ. ಒಂದು, ಹೊಡೆದ ಕೂಡಲೇ ದೊಡ್ಡ ಚಿಗಟವನ್ನು ಸಾಯಿಸುವಂಥದ್ದು. ವಾಸನೆ ಮೂಗಿಗೇ ಬಡಿಯುತ್ತಿತ್ತು. ಇನ್ನೊಂದಕ್ಕೆ ವಾಸನೆಯೇ ಇಲ್ಲ.

"ಇದು ಸಾಯ್ಸಾಕಿಲ್ಲ ಕಣಮ್ಮ," ಅಂದ. "ಚಿಗಟದ ಮರಿನ ದೊಡ್ಡದಾಗಕ್ಕೆ ಬುಡಾಕಿಲ್ಲ, ಅಷ್ಟೇಯ. ಒಂದ್ಸಲ ಒಡೆದ್ರೆ ತಿಂಗಳುಗಟ್ಲೆ ಇರ್ತದೆ. ಎರಡೂ ಒಡೆದ್ರೆ ಬೇಗ ವಾಸಿ."

ಸಾಯಿಸುವುದಿಲ್ಲ ಎಂಬ ಮಾತು ನನ್ನ ಕಿವಿಗೆ ಹಾಲು ಹುಯ್ದಂತಾಯಿತು. ಹುಳು ಸಾಕುವವರ ತಲೆ ಹಾಗೆಯೇ ಓಡುವುದು. ನಮಗೆ ವಿಷವೆಂದರೆ ವಾಸನೆ ಬರಬೇಕು, ಬೆಳಗಾಗುವುದರೊಳಗೆ ಹುಳು ಸತ್ತು ಬಿದ್ದಿರಬೇಕು. ಪಕ್ಕದ ಹೊಲದಲ್ಲಿ ಯಾರಾದರೂ ಔಷಧಿ ಹೊಡೆದರೆ ಮೂಗೆತ್ತಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುವವರು ನಾವು. ವಾಸನೆ ಇಲ್ಲ, ಸಾವಿಲ್ಲ — ಹುಳುವಿಗೆ ಇನ್ನೇನು ಭಯ ಅಂದುಕೊಂಡೆ. ಮನೆಯಲ್ಲಿ ರೇಷ್ಮೆ ಹುಳು ಇದೆ ಎಂದು ಆ ಅಂಗಡಿಯವನಿಗೆ ಒಂದು ಮಾತು ಹೇಳಿದ್ದರೆ... ಹೇಳಲಿಲ್ಲ. ಬೇಡ ಎಂದುಬಿಟ್ಟಾನು ಎಂಬ ಅಂಜಿಕೆ ಒಳಗೆ ಇದ್ದೇ ಇತ್ತು. ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದುವ ಗೋಜಿಗೆ ಹೋಗಲಿಲ್ಲ. ವಾಸನೆ ಇಲ್ಲದ್ದನ್ನೇ ಆರಿಸಿ, ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಕೆ.ಆರ್. ನಗರದ ಬಸ್ಸು ಹತ್ತಿದೆ.

ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮನೆ ತೊಳೆಯುವ ಹೊತ್ತು ಅದು. ಎಲ್ಲರೂ ಹುಳುಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕುವುದರಲ್ಲಿದ್ದರು. ನಾನು ಕೆಂಚನಿಗೆ ಸ್ನಾನ ಮಾಡಿಸಿ ಕೊಟ್ಟಿಗೆಯಲ್ಲಿ ಕಟ್ಟಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಮಂಚದಡಿ, ಗೋಡೆಯಂಚು, ಬಿರುಕು ಎಲ್ಲ ಗುಡಿಸಿ ಔಷಧಿ ಹೊಡೆದೆ. ಕೊನೆಗೆ ಸೊಪ್ಪಿನ ಕೋಣೆ. ನೆಲಕ್ಕೆ ಹೊಡೆದು, ಮಡಿಸಿಟ್ಟಿದ್ದ ಗೋಣಿತಾಟುಗಳನ್ನು ಒಂದೊಂದಾಗಿ ಬಿಡಿಸಿ ಅವಕ್ಕೂ ಹೊಡೆದೆ. ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ನನ್ನ ಜಾಯಮಾನ. ಚಿಗಟವೇನೋ ಕೂಡಲೇ ಹೋಗಲಿಲ್ಲ, ದೊಡ್ಡವು ಇನ್ನೂ ಕೆಲವು ದಿನ ಹಾರುತ್ತಲೇ ಇದ್ದವು. ಆಮೇಲೆ ಕಡಿಮೆಯಾಗಿ, ಒಂದು ದಿನ ಪಂಚೆ ಹಾಸಿದರೆ ಏನೂ ಹಾರಲಿಲ್ಲ. ಸಿಂಧುವಿನ ಕಾಲು ನುಣ್ಣಗಾಯಿತು. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು.

ಹೊಸ ಬೆಳೆ ಬಂತು. ಮಂಜುಳ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಯಿಂದ ಬಂದವಳು, ಹುಳುವನ್ನು ಮೊದಲು ಕಂಡದ್ದೇ ನಮ್ಮಲ್ಲಿ. ಆದರೂ ಅವಳ ಕೈಯಲ್ಲಿ ಅದೇನೋ ಇತ್ತು. ಯಾವ ತಟ್ಟೆಗೆ ಹಸಿವು, ಯಾವುದು ಜ್ವರಕ್ಕೆ ಕೂರುತ್ತಿದೆ — ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ — ಅತ್ತೆಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚು ಇತ್ತೇ? ಇತ್ತು ಅಂತಲೇ ಬರೆದುಬಿಡುತ್ತೇನೆ, ಸ್ವಲ್ಪ ಇತ್ತು.

ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಬಕಾಸುರನಂತೆ ತಿನ್ನುತ್ತದೆ. ಅಂಥ ಒಂದು ದಿನ ನಾವೆಲ್ಲ ನೆಂಟರ ಮದುವೆಗೆ ಹೋಗಿದ್ದೆವು. ಮಂಜುಳ ಮುಟ್ಟಾಗಿದ್ದರಿಂದ ಮನೆಯಲ್ಲೇ ಉಳಿದಳು. ಬಸ್ಸು ಕೆಟ್ಟು ನಾವು ಬರುವುದು ತಡವಾಯಿತು. ಮುಟ್ಟಾದವರು ಹುಳುಮನೆಯ ಹೊಸ್ತಿಲು ದಾಟಬಾರದು ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಸಂಜೆಗೆ ಒಳಗಿಂದ ಸೊಪ್ಪು ತಿನ್ನುವ ಚರಚರ ಸದ್ದು ನಿಂತುಹೋಯಿತಂತೆ. ಹಸಿದ ಹುಳುವನ್ನು ಕೇಳಿಸಿಕೊಂಡು ಕೂರಲಾಗದೆ ಅವಳು ಕೈಕಾಲು ತೊಳೆದು ಒಳಗೆ ಹೋಗಿ ಸೊಪ್ಪು ಹಾಕಿದಳು.

ಹುಳು ಹಣ್ಣಾಗುವ ದಿನ ಬಂತು, ಹಣ್ಣಾಗಲಿಲ್ಲ. ಮೈ ತಿಳಿಯಾಗಿ ಹೊಳೆಯಬೇಕಿತ್ತು, ಸೊಪ್ಪು ಬಿಟ್ಟು ತಲೆಯೆತ್ತಬೇಕಿತ್ತು. ಅವು ತಿಂದವು, ತಿಂದೇ ತಿಂದವು, ಬೆರಳಿಗಿಂತ ದಪ್ಪವಾದವು. ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟರೆ ಅದರ ಬಿದಿರಿನ ಸುತ್ತುಗಳಲ್ಲಿ ನೂಲು ಬಿಡದೆ ದಾರಿ ತಪ್ಪಿದವರ ಹಾಗೆ ಅಲೆದವು. ಸಾಯಲೂ ಇಲ್ಲ. ಚಂದ್ರಿಕೆಯ ಮುಂದೆ ನಿಂತಿದ್ದ ನನಗೆ ಅಂಗಡಿಯವನ ಮಾತು ನೆನಪಾಯಿತು — ದೊಡ್ಡದಾಗಕ್ಕೆ ಬುಡಾಕಿಲ್ಲ, ಅಷ್ಟೇಯ. ಗೋಣಿತಾಟಿಗೆ ನೀರು ಚಿಮುಕಿಸಿ ಸೊಪ್ಪಿಗೆ ಹೊದಿಸುತ್ತಿದ್ದವಳು ನಾನೇ. ಔಷಧಿ ಆ ನೀರಿನ ಜೊತೆ ಸೊಪ್ಪಿಗಿಳಿದು, ಹುಳು ಮೈ ಬೆಳೆದೂ ಮರಿಯಾಗಿಯೇ ಉಳಿದಿತ್ತು.

ರೇಷ್ಮೆ ಇಲಾಖೆಯಿಂದ ಬಂದ ಸಾಹೇಬರು ಹುಳುವನ್ನು ಅಂಗೈ ಮೇಲೆ ಹೊರಳಿಸಿ ನೋಡಿ, ಸೊಪ್ಪಿಗೆ ಏನೋ ಔಷಧಿ ತಗುಲಿರಬೇಕು ಎಂದರು. ಎಲ್ಲರ ಮುಖ ನೋಡಿ ಕೇಳಿದರು.

"ತೋಟದಲ್ಲಾಗ್ಲಿ ಮನೇಲಾಗ್ಲಿ ಯಾರಾದ್ರೂ ಏನಾದ್ರೂ ಹೊಡೆದಿದ್ದೀರಾ?"

"ಇಲ್ಲ ಸಾರ್. ಏನೂ ಒಡ್ದಿಲ್ಲ," ಅಂದೆ. ಬೇರೆ ಯಾರೂ ಬಾಯಿ ತೆರೆಯುವ ಮೊದಲು ನಾನೇ ಅಂದದ್ದು.

ಅವರು ಹೋದ ಮೇಲೆ ಅತ್ತೆ ಜಗಲಿಯ ಮೇಲೆ ಕೂತು ಕೇಳಿದರು: "ಮುಟ್ಟಾದೋರು ಯಾರಾರ ಒಳೀಕೆ ಓಗಿದ್ರಾ?" ಮಂಜುಳ ಮುಚ್ಚಿಡಬಹುದಿತ್ತು, ಅವತ್ತು ನೋಡಿದವರು ಯಾರೂ ಇರಲಿಲ್ಲ. "ನಾನೋಗಿದ್ದೆ ಕಣತ್ತೆ. ಉಳ ಅಸ್ಕೊಂಡಿದ್ವು," ಅಂದಳು. ಅತ್ತೆ ಬೈಯಲಿಲ್ಲ. "ನಿನ್ ಕೈ ಉಳಕ್ಕೆ ಆಗಾಕಿಲ್ಲ ಕಣವ್ವ. ಇನ್ಮ್ಯಾಲೆ ಒಳೀಕೆ ಬರ್ಬ್ಯಾಡ," ಅಂದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಕೆಂಚ ನನ್ನ ಕಾಲ ಬಳಿ ಮಲಗಿದ್ದ.

ಆ ಹುಳುವನ್ನೆಲ್ಲ ತಿಪ್ಪೆಗೆ ಹಾಕಿದೆವು. ಆಮೇಲೆ ನಾನು ಮಾಡಿದ್ದು ಮೊದಲಿನದಕ್ಕಿಂತ ಕೆಟ್ಟದ್ದು. ಇಲಿ ಕಡಿದಿದೆ ಎಂದು ನೆಪ ಹೇಳಿ ಗೋಣಿತಾಟುಗಳನ್ನೆಲ್ಲ ಸುಟ್ಟು ಹೊಸದು ತರಿಸಿದೆ. ಅದೇ ನೆಪದಲ್ಲಿ ಸೊಪ್ಪಿನ ಕೋಣೆಯ ನೆಲ ಕೀಳಿಸಿ ಕಲ್ಲು ಹಾಕಿಸಿದೆ. ಮುಂದಿನ ಬೆಳೆ ಬಂಗಾರದ ಹಾಗೆ ಬಂತು, ಚಂದ್ರಿಕೆ ತುಂಬ ಗೂಡು. ಅತ್ತೆ ನೋಡಿ, "ನೋಡ್ದಾ, ಅವ್ಳು ಒಳೀಕೆ ಬರ್ಲಿಲ್ಲ, ಎಂಗಾಯ್ತು," ಅಂದರು. ಸಾಕ್ಷಿ ಅಳಿಸಲು ಹೋದದ್ದು ಅವಳ ಮೇಲಿನ ಸಾಕ್ಷಿಯಾಯಿತು. ಆಗಲಾದರೂ... ಇಲ್ಲ, ಆಗಲೂ ಇಲ್ಲ.

ಕೆಂಚ ಮುದಿಯಾಗಿ, ಅಪ್ಪನ ಹಾಗೆಯೇ ಯಾರಿಗೂ ತೊಂದರೆ ಕೊಡದೆ ಹೋದ. ಅವನನ್ನು ಉಳಿಸಿಕೊಳ್ಳುವ ನೆಪವೂ ಅಲ್ಲಿಗೆ ಮುಗಿಯಿತು, ಮೌನ ಮುಗಿಯಲಿಲ್ಲ. ಮಂಜುಳ ಬೆಳೆಬೆಳೆಗೂ ಹುಳುಮನೆಯ ಹೊಸ್ತಿಲಾಚೆ ನಿಂತು ಕಡ್ಡಿ ಎತ್ತಿ ಕೊಡುತ್ತಿದ್ದಳು, ನಾನು ಒಳಗೆ ನಿಂತು ಈಸಿಕೊಳ್ಳುತ್ತಿದ್ದೆ. ಮೊದಮೊದಲು ಕೊಟ್ಟಿಗೆಯಲ್ಲಿ ಅತ್ತಿದ್ದಳು. ಬರಬರುತ್ತ ಅವಳೇ ನಗುತ್ತ, "ನಂದು ಉಳಕ್ಕಾಗ್ದಿರೋ ಕೈ" ಎಂದು ಬಂದವರಿಗೆ ಹೇಳತೊಡಗಿದಳು. ಆ ನಗು ನನಗೆ ತಡೆಯಲಾಗುತ್ತಿರಲಿಲ್ಲ. ನನ್ನ ಮಕ್ಕಳಿಗೆ ಜ್ವರ ಬಂದರೆ ರಾತ್ರಿ ಕೂರುತ್ತಿದ್ದವಳು ಅವಳು. ನನ್ನ ಸೊಂಟ ಹಿಡಿದಾಗ ಎಣ್ಣೆ ತಿಕ್ಕಿದವಳು ಅವಳು. ನಾನು ಅವಳನ್ನು ತಂಗಿಯ ಹಾಗೆ ಪ್ರೀತಿಸುತ್ತಿದ್ದೆ, ಸುಳ್ಳಲ್ಲ. ಪ್ರೀತಿಸುತ್ತಲೇ ಸುಮ್ಮನಿದ್ದೆ.

ಈಚೆಗೆ ಸಿಂಧು ದೊಡ್ಡವಳಾದಳು. ಹುಡುಗಿಗೆ ಹುಳುವಿನ ಹುಚ್ಚು, ಶಾಲೆಯಿಂದ ಬಂದ ಕೂಡಲೇ ಹುಳುಮನೆಗೆ ಓಡುವವಳು. ಮಂಜುಳ ಅವಳನ್ನು ತಡೆದದ್ದು ನನ್ನ ಕಿವಿಗೆ ಬಿತ್ತು: "ಬ್ಯಾಡ ಕಣ್ ಮಗ. ನನ್ ಕೈಯೇ ನಿಂಗೂ ಬಂದಿದ್ರೆ?" ಅವತ್ತು ನನಗೆ ಅನ್ನ ಸೇರಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಮತ್ತೆ ಚಿಗಟ. ಈ ಸಲ ಬೆಕ್ಕಿನಿಂದ. ಮಂಜುಳ ಕೆ.ಆರ್. ನಗರಕ್ಕೆ ಹೋದವಳು ಡಬ್ಬಿಯೊಂದನ್ನು ತಂದು, ಸೊಪ್ಪಿನ ಕೋಣೆಯಲ್ಲಿ ಕಡ್ಡಿ ಜೋಡಿಸುತ್ತಿದ್ದ ನನ್ನ ಮುಂದೆ ಹಿಡಿದಳು.

"ಅಕ್ಕಾ, ಇದು ಸಾಯ್ಸಾಕಿಲ್ವಂತೆ. ಮರಿ ದೊಡ್ಡದಾಗಕ್ಕೆ ಬುಡಾಕಿಲ್ವಂತೆ. ವಾಸ್ನೇನೂ ಇಲ್ಲ. ಉಳಕ್ಕೇನೂ ಆಗಾಕಿಲ್ಲ ಅಲ್ವಾ?"

ಅವಳೂ ನನ್ನ ಹಾಗೆಯೇ ಲೆಕ್ಕ ಹಾಕಿದ್ದಳು. ಒಂದೇ ವ್ಯತ್ಯಾಸ — ಅವಳು ತಂದು ತೋರಿಸಿ ಕೇಳಿದಳು.

"ಬ್ಯಾಡ ಕಣೆ. ಅದುನ್ನ ಮನೆ ಒಳೀಕೆ ತರ್ಬ್ಯಾಡ," ಅಂದೆ.

"ಯಾಕಕ್ಕಾ?"

ಯಾರೋ ಹೇಳಿದರು, ಎಲ್ಲೋ ಓದಿದೆ — ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. ಹುಣಸೂರಿನ ಅಂಗಡಿಯಿಂದ ಸುಟ್ಟ ಗೋಣಿತಾಟಿನವರೆಗೆ ಎಲ್ಲವನ್ನೂ ಹೇಳಿದೆ. ಅವಳು ಡಬ್ಬಿಯನ್ನು ಕೆಳಗಿಟ್ಟು ಅಲ್ಲೇ ಕಡ್ಡಿಯ ಹೊರೆಯ ಮೇಲೆ ಕೂತಳು. ತನ್ನ ಎರಡೂ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿಕೊಂಡಳು.

"ಅಂಗಾದ್ರೆ ನನ್ ಕೈ ಚೆನ್ನಾಗೇ ಇತ್ತು," ಅಂದಳು.

ನಾನು ಅಳಲಿಲ್ಲ. ಅತ್ತು ಅವಳಿಂದ ಸಮಾಧಾನ ಹೇಳಿಸಿಕೊಳ್ಳುವ ಮುಖ ನನಗಿರಲಿಲ್ಲ. ಅವಳೇ ಎದ್ದಳು. "ಅತ್ತೇಗೂ ನೀನೇ ಹೇಳ್ಬೇಕು ಕಣಕ್ಕ. ನಾನು ಹೇಳಾಕಿಲ್ಲ."

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಕೈ ಮಾತ್ರ ನಿಂತಿತ್ತು. "ನಾನೂ ಸಾಹೇಬ್ರ ಮಾತು ಕೇಳ್ಲಿಲ್ವಲ್ಲ," ಎಂದಷ್ಟೇ ಅಂದರು. ಆಮೇಲೆ ಮೊಮ್ಮಗಳನ್ನು ಕೂಗಿದರು: "ಸಿಂದೂ, ನಿಮ್ಮವ್ವನ್ನ ಕರಿ. ಉಳಕ್ಕೆ ಸೊಪ್ಪಾಕೋ ಒತ್ತಾಯ್ತು. ನೀನೂ ಓಗು ಜೊತೇಲಿ."

ಡಬ್ಬಿಯನ್ನು ಮಂಜುಳ ಅಂಗಡಿಗೆ ವಾಪಸ್ ಕೊಟ್ಟು ಬಂದಳು. ಹುಳು ಇರುವ ಮನೆಯೊಳಗೆ ಹೊಡೆಯಬಹುದಾದ ಔಷಧಿ ಯಾವುದೂ ಇಲ್ಲ ಎಂದು ಈಗ ಬಂದವರಿಗೆಲ್ಲ ನಾನೇ ಹೇಳುತ್ತೇನೆ, ಹೇಗೆ ಗೊತ್ತಾಯಿತು ಎಂಬುದನ್ನೂ ಸೇರಿಸಿಯೇ. ಹಾಸಿಗೆ ದಿನವೂ ಬಿಸಿಲಿಗೆ, ಗೋಣಿತಾಟು ಕುದಿಯುವ ನೀರಿಗೆ, ಗುಡಿಸಿದ ಕಸ ಒಲೆಗೆ, ಬೆಕ್ಕು ಕೊಟ್ಟಿಗೆಗೆ. ಚಿಗಟ ನಿಧಾನವಾಗಿ ಕಡಿಮೆಯಾಗುತ್ತಿದೆ. ಮುಟ್ಟಿನ ದಿನ ಬಂದಾಗ ಮಂಜುಳ ಒಳಗೆ ಹೋಗುತ್ತಾಳೋ ಇಲ್ಲವೋ, ಅತ್ತೆ ಏನನ್ನುತ್ತಾರೋ — ಅದು ಇನ್ನೂ ನಮ್ಮ ಮನೆಯಲ್ಲಿ ತೀರ್ಮಾನವಾಗಿಲ್ಲ.

ಈಗ ಹುಳು ನಾಲ್ಕನೆಯ ಜ್ವರ ಎದ್ದಿವೆ. ತಾಯಿ ಮಗಳು ಇಬ್ಬರೂ ಒಳಗೆ, ಅವರ ಮಾತೂ ಸೊಪ್ಪಿನ ಸದ್ದೂ ಒಟ್ಟಿಗೆ ಕೇಳುತ್ತವೆ. ಕೇಳಿ ನನಗೆ ಸಂತೋಷವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ಇಷ್ಟು ವರ್ಷ ನಿಂತ ಜಾಗದಲ್ಲಿ, ಹೊಸ್ತಿಲಾಚೆ, ನಾನು ನಿಂತು ಕಡ್ಡಿ ಎತ್ತಿ ಕೊಡುತ್ತೇನೆ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಒಳಗೆ ಬಾ ಎಂದು ಮಂಜುಳ ಇನ್ನೂ ಕರೆದಿಲ್ಲ. ಕರೆಯುವವರೆಗೆ ನಾನು ಹೊಸ್ತಿಲು ದಾಟುವುದಿಲ್ಲ.