ಐದನೇ ಶಾಖೆಯ ಖಾಲಿ ರಿಜಿಸ್ಟರ್

ಆಫೀಸಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಅವಳಿಗಿಂತ ನಾಲ್ಕು ವರ್ಷ ಹಿರಿಯರಾದ ಮ್ಯಾನೇಜರ್ ಕೂಡ ಒಂದಿಷ್ಟೂ ನಾಚಿಕೆಯಿಲ್ಲದೆ ಹಾಗೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅಕ್ಕನಾಗಿದ್ದು ಒಬ್ಬನಿಗೆ ಮಾತ್ರ. ಅವನು ಮುನ್ನೂರು ಕಿಲೋಮೀಟರ್ ಆಚೆ, ಕಂಪನಿಯ ಐದನೇ ಶಾಖೆಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಇವಳು, ಕೈಹಿಡಿದು ಈ ಕೆಲಸ ಕಲಿಸಿದವಳೂ ಇವಳೇ.

ಹೆಡ್ ಆಫೀಸೂ ಸೇರಿ ಕಂಪನಿಯ ಐದು ಆಫೀಸುಗಳು ಇಲ್ಲಿಯವರೆಗೆ ಪಾಲಾದ ಅಣ್ಣತಮ್ಮಂದಿರಂತೆ ಇದ್ದವು. ಪ್ರತಿಯೊಂದಕ್ಕೂ ಬೇರೆ ಸರ್ವರ್, ಬೇರೆ ಪಾಸ್‌ವರ್ಡ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾದವನು ಕಂಪ್ಯೂಟರಿನ ಪಾಲಿಗೆ ಹೊಸದಾಗಿ ಹುಟ್ಟಿ ಬರಬೇಕಿತ್ತು. ಇನ್ನು ಮುಂದೆ ಎಲ್ಲರದೂ ಒಂದೇ ಡೊಮೈನ್. ಇನ್ನೂರ ಮೂವತ್ತು ಜನರ ಹೆಸರು, ಪಾಸ್‌ವರ್ಡ್, ಯಾರು ಯಾವ ಫೈಲು ತೆರೆಯಬಹುದು ಎಂಬುದೆಲ್ಲ ಹೆಡ್ ಆಫೀಸಿನಲ್ಲಿ. ಅದರ ನಕ್ಷೆ ಹಾಕುವ ಕೆಲಸ ದೊಡ್ಡಕ್ಕನ ಪಾಲಿಗೆ ಬಂತು.

"ಹೆಡ್ ಆಫೀಸಿನ ಇಂಟರ್ನೆಟ್ ಲೈನ್ ಕೈಕೊಡೋ ಶಾಖೇಲಿ ಮಾತ್ರ ಸರ್ವರ್ ಉಳಿಸಿ, ದೊಡ್ಡಕ್ಕ. ಲೈನ್ ಹೋದಾಗ ಅಲ್ಲಿನವರು ಅದರಿಂದಲೇ ಕೆಲಸ ಮಾಡ್ಬೇಕು. ಲೈನ್ ಗಟ್ಟಿ ಇರೋ ಕಡೆ ಸರ್ವರೂ ಬೇಡ, ಅದನ್ನ ನೋಡ್ಕೊಳ್ಳೋರೂ ಬೇಡ. ಮುಗಿಯೋವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ," ಎಂದರು ಮ್ಯಾನೇಜರ್.

ಲೈನ್ ಎಷ್ಟು ಸಲ ಹೋಯಿತು ಎಂದು ಬರೆದಿಡಲು ಪ್ರತಿ ಶಾಖೆಯಲ್ಲೂ ಒಂದು ರಿಜಿಸ್ಟರ್ ಇತ್ತು. ಮೂರು ಶಾಖೆಗಳ ಪುಟಗಳು ತುಂಬಿ ತುಳುಕುತ್ತಿದ್ದವು. ಐದನೆಯದರಲ್ಲಿ ಮೂರು ವರ್ಷಕ್ಕೆ ಒಂದೇ ಸಾಲು: ಗಾಳಿಮಳೆ, ನಲವತ್ತು ನಿಮಿಷ.

ಎರಡು ದಿನ ಅವಳು ಆ ಒಂದು ಸಾಲನ್ನೇ ನೋಡುತ್ತ ಕೂತಳು. ನಕ್ಷೆಯಲ್ಲಿ ಐದನೇ ಶಾಖೆಗೆಂದು ಬರೆದ ಚೌಕದೊಳಗೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಸರ್ವರ್ ಗೀಚಿದ್ದರೆ ಕೇಳುವವರು ಯಾರೂ ಇರಲಿಲ್ಲ. ತಮ್ಮನ ಇಬ್ಬರು ಹೆಣ್ಣುಮಕ್ಕಳ ಮುಖ ಕಣ್ಣ ಮುಂದೆ ಬಂತು. ಮನಸ್ಸು ತಡೆಯದೆ ಫೋನ್ ಮಾಡಿದಳು.

"ಅಲ್ಲಿ ಲೈನ್ ಹೇಗಿದೆಯೋ?"

"ಬಂಡೆ ಥರ ಇದೆ ಅಕ್ಕ! ಯಾಕೆ, ಮೇಲಿನವರು ಕೇಳಿದ್ರಾ? ನನ್ನ ಹೆಸರು ಹೇಳು ಮತ್ತೆ."

ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ ಪುಣ್ಯಾತ್ಮ. ಇವಳೋ, ಕಂಪನಿಗೆ ಸುಳ್ಳು ಹೇಳಿ ಗೊತ್ತಿಲ್ಲದವಳು. ಐದನೇ ಚೌಕವನ್ನು ಖಾಲಿ ಬಿಟ್ಟು ಸಹಿ ಹಾಕಿದಳು. ಎರಡು ತಿಂಗಳಲ್ಲಿ ತಮ್ಮನ ಕೆಲಸ ಹೋಯಿತು. ಅವನು ಅಕ್ಕನನ್ನು ದೂರಲಿಲ್ಲ. ಅವನ ಹೆಂಡತಿ ಮಾತ್ರ ಇವಳ ಫೋನ್ ಎತ್ತುವುದನ್ನು ನಿಲ್ಲಿಸಿದಳು; ಅವಳದೇನೂ ತಪ್ಪಿರಲಿಲ್ಲ.

ಹೊಸ ಡೊಮೈನ್ ಶುರುವಾದ ಮೊದಲ ವಾರವೇ ದೊಡ್ಡಕ್ಕನ ಪರದೆಯಿಂದ ಐದನೇ ಶಾಖೆ ಮಾಯವಾಯಿತು; ಲೈನ್ ಹೋಗಿತ್ತು. ಒಂಬತ್ತು ನಿಮಿಷಕ್ಕೆ ಮರಳಿ ಬಂತು. ಅದೇ ವಾರ ಇನ್ನೂ ಎರಡು ಸಲ ಹೀಗಾಯಿತು. ಅಲ್ಲಿನ ಗುಮಾಸ್ತೆಗೆ ಫೋನ್ ಹಚ್ಚಿದಳು.

"ಅಯ್ಯೋ ಮೇಡಂ, ಇದು ಮೊದಲಿಂದಲೂ ಇದ್ದದ್ದೇ," ಎಂದಳು ಆಕೆ. "ಸರ್ವರ್ ನೋಡ್ತಿದ್ದ ಸಾರ್ ಇದ್ದಾಗ ಓಡಿ ಹೋಗಿ ವೈರ್ ಕಿತ್ತು ಸ್ಪೇರ್ ಲೈನಿಗೆ ಹಾಕ್ತಿದ್ರು. ಈಗ ಅವರಿಗೇ ಫೋನ್ ಮಾಡ್ತೀವಿ. ಯಾವ ವೈರು, ಯಾವ ತೂತು ಅಂತ ಹೇಳ್ಕೊಡ್ತಾರೆ, ಪಾಪ."

ದೊಡ್ಡಕ್ಕ ನೇರವಾಗಿ ಮ್ಯಾನೇಜರ್ ಕೋಣೆಗೆ ಹೋಗಿ, ನನ್ನ ಪ್ಲಾನ್ ತಪ್ಪು, ಅವನನ್ನು ವಾಪಸ್ ಕರೆಸಿ ಎಂದಳು. ಅವರು ಹಳೆಯ ಸುತ್ತೋಲೆಯೊಂದನ್ನು ತೆಗೆದು ಅವಳ ಮುಂದೆ ಇಟ್ಟರು. ಹದಿನೈದು ನಿಮಿಷದೊಳಗೆ ಸರಿಹೋದದ್ದನ್ನು ರಿಜಿಸ್ಟರಿನಲ್ಲಿ ಬರೆಯುವ ಅಗತ್ಯವಿಲ್ಲ ಎಂದಿತ್ತು ಅದರಲ್ಲಿ. ಕೆಳಗೆ ಅವಳದೇ ಸಹಿ. ಸೀನಿದ್ದಕ್ಕೂ ಕೆಮ್ಮಿದ್ದಕ್ಕೂ ಪುಟ ತುಂಬಿಸುತ್ತಾರೆ ಎಂದು ಹಿಂದೊಮ್ಮೆ ಸಿಟ್ಟಿನಲ್ಲಿ ಅವಳೇ ಹೊರಡಿಸಿದ್ದು.

"ಲೆಕ್ಕಕ್ಕೆ ಬಂದ್ರೆ ನೋಡೋಣ, ದೊಡ್ಡಕ್ಕ. ಒಂಬತ್ತು ನಿಮಿಷ ಲೆಕ್ಕಕ್ಕೆ ಬರಲ್ಲ."

ಅವಳು ಮೆಟ್ಟಿಲ ಬಳಿ ನಿಂತು ತಮ್ಮನಿಗೆ ಫೋನ್ ಮಾಡಿದಳು.

"ಯಾಕೋ ಒಂದು ಮಾತು ಹೇಳ್ಲಿಲ್ಲ? ಬಂಡೆ ಥರ ಇದೆ ಅಂದ್ಯಲ್ಲೋ!"

"ಕೆಲಸ ನಿಂತಿದ್ದೇ ಇಲ್ವಲ್ಲ ಅಕ್ಕ. ಹತ್ತು ನಿಮಿಷದಲ್ಲಿ ಎಬ್ಬಿಸ್ತಿದ್ದೆ."

"ಊರಿಗೆ ಉಪಕಾರಿ, ಮನೆಗೆ ಮಾರಿ ಕಣೋ ನೀನು. ಇಲ್ಲಿ ಕೇಳು. ಇನ್ನೊಂದು ವಾರ ಅವರ ಫೋನ್ ಎತ್ತಬೇಡ. ಅರ್ಧ ದಿನ ಬಿದ್ದಿರಲಿ ಶಾಖೆ. ರಿಜಿಸ್ಟರಿಗೆ ಬರಲಿ. ಆಗ ನಿನ್ನನ್ನ ಕರೀಲೇಬೇಕು ಅವರು."

"ಒಂದು ವಾರ ತಾನೇ? ಆಯ್ತಕ್ಕ," ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಹನ್ನೊಂದು ಗಂಟೆಗೆ ಐದನೇ ಶಾಖೆ ಪರದೆಯಿಂದ ಮಾಯವಾಯಿತು. ಎಂಟು ನಿಮಿಷವಾಯಿತು, ಒಂಬತ್ತಾಯಿತು, ಹನ್ನೆರಡೂ ದಾಟಿತು. ದೊಡ್ಡಕ್ಕ ಗಡಿಯಾರ ನೋಡುತ್ತಿದ್ದಳು. ಹದಿನಾಲ್ಕನೇ ನಿಮಿಷಕ್ಕೆ ಶಾಖೆ ಮರಳಿ ಬಂತು. ಅದರ ಹಿಂದೆಯೇ ಅವಳ ಫೋನ್ ರಿಂಗಾಯಿತು.

"ತಡೀಲಿಕ್ಕಾಗಲಿಲ್ಲ ಅಕ್ಕ," ಎಂದ ತಮ್ಮ. "ಶಾಖೆಯ ಆ ಗುಮಾಸ್ತೆ ಹುಡುಗಿ ಫೋನಲ್ಲಿ ಅಳ್ತಾ ಇದ್ಲು."