ಫಾರಂನಲ್ಲಿ ಇಲ್ಲದ ಉತ್ತರ

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಕುಟುಂಬ ಯೋಜನೆಯ ಸರ್ವೆಗೆಂದು ಗೌಡಗೆರೆ ಕಡೆಯ ಹಟ್ಟಿಗಳನ್ನು ಸುತ್ತುತ್ತಿದ್ದೆ. ಫಾರಂನ ಹನ್ನೊಂದನೆಯ ಪ್ರಶ್ನೆಗೆ ಬಂದಾಗಲೆಲ್ಲ ತಲೆ ಎತ್ತದೆ ಗಡಗಡ ಓದಿಬಿಡುತ್ತಿದ್ದೆ: 'ಗಂಡನ ಜೊತೆ ಮಲಗಲು ಕಾರಣವೇನು?' ಉತ್ತರಗಳನ್ನೂ ಇಲಾಖೆಯವರೇ ಅಚ್ಚು ಹಾಕಿಸಿದ್ದರು: ಕರ್ತವ್ಯ, ಮಕ್ಕಳ ಆಸೆ, ಗಂಡನ ಒತ್ತಾಯ. ಒಂದಕ್ಕೆ ಟಿಕ್ ಹಾಕಿದರೆ ನನ್ನ ಕೆಲಸ ಮುಗಿಯುತ್ತಿತ್ತು.

ಕುರಿ ಕಾಯುವವನ ಹೆಂಡತಿ ಈರಮ್ಮ ಉಣ್ಣೆ ನೂಲುತ್ತಲೇ ಮೂರನ್ನೂ ಕೇಳಿಸಿಕೊಂಡಳು.

"ಇದ್ಯಾವ್ದೂ ಅಲ್ಲ ಕಣಮ್ಮ. ನಮ್ಮನೆಯೋನು ಕುರಿ ಹೊಡ್ಕೊಂಡು ಹೋದ್ರೆ ಎರಡು ತಿಂಗ್ಳು ಬರಾಕಿಲ್ಲ. ಬಂದಾಗ ಮೈಯೆಲ್ಲಾ ಕುರಿ ವಾಸ್ನೆ ಇರ್ತದೆ ನೋಡು, ಅದ್ಕೆ."

"ವಾಸನೆಗಾ?"

"ಊಂ. ನೀರು ಹುಯ್ಕೊಂಬುಟ್ರೆ ಮುಗೀತು, ಗೊರ್ಕೆ ಹೊಡೆಯೋ ಗಂಡ್ಸು ಅಷ್ಟೆ. ಅದ್ಕೇ ಅವತ್ತು ನಾನು ನೀರು ಕಾಯ್ಸಾಕಿಲ್ಲ."

ಪಕ್ಕದಲ್ಲಿ ಕೂತಿದ್ದ ಅವಳ ಅತ್ತೆ ಈಗ ಬಯ್ಯುತ್ತಾಳೆ ಅಂದುಕೊಂಡೆ. ಆಕೆ ನೆಲ ನೋಡಿಕೊಂಡು ನಗುತ್ತಿದ್ದಳು.

"ನಿಂದು ಯಾವ್ದಕ್ಕಮ್ಮ ಟಿಕ್ಕು?" ಅಂದಳು ಈರಮ್ಮ.

ನಾನು ಡ್ಯೂಟಿ ಮೇಲಿದ್ದೀನಿ ಅಂತ ಹೇಳಿ ಎದ್ದುಬಿಟ್ಟೆ.

ಸಿರಾ ಬಸ್ಸಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ. ವಾಸನೆಗೆ ಫಾರಂನಲ್ಲಿ ಜಾಗವಿರಲಿಲ್ಲ. ಕೊನೆಗೆ ಮರ್ಯಾದೆಗೆ ಅಂಜಿ 'ಕರ್ತವ್ಯ'ಕ್ಕೇ ಟಿಕ್ ಹಾಕಿದೆ.

ನಮ್ಮೆಜಮಾನರು ಆಗ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಮನೆಗೆ ಬರುವಾಗ ಮೈಯೆಲ್ಲ ಕಡಲೆಕಾಯಿ ಹಿಂಡಿಯ ವಾಸನೆ. ಹೊಸಲು ದಾಟುವ ಮೊದಲೇ ಅವರನ್ನು ಬಚ್ಚಲಿಗೆ ಅಟ್ಟುವುದು ನನ್ನ ಪದ್ಧತಿ. ಆ ಸಂಜೆ ನಾನು ಹಂಡೆಯ ಒಲೆ ಹಚ್ಚಲಿಲ್ಲ. ಯಾಕೆ ಅಂತ ಕೇಳಿದರು.

ಸೌದೆ ಹಸಿಯಾಗಿದೆ ಅಂದೆ.